ಕೈಗೊಪ್ಪುವ ರ‍್ಯಾಕೆಟ್

ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯು ವೀರ ರಾಯಣ್ಣನ ಊರು. ಸಂಗೊಳ್ಳಿ, ಕಿತ್ತೂರು, ಸವದತ್ತಿಗಳ ಸೀಮೆಯಲ್ಲಿ ಕುಸ್ತಿಯು ಬಹು ಕಾಲದಿಂದ ಜನಪ್ರಿಯವಾದ ಕ್ರೀಡೆ. ಗರಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ಅನುಭವಿಯಾದ ವಸ್ತಾದನು ಮೊದಲ ದಿನವೇ ಸಂಗ್ರಾಣಿ ಕಲ್ಲನ್ನು ಎತ್ತಿಸುವುದಿಲ್ಲ. ಅವನ ತೋಳಿನ ಬಲವನ್ನರಿತು, ಭಾರವನ್ನು ಕ್ರಮೇಣ ಏರಿಸುತ್ತಾನೆ. ಸಾಧನವು ಸಾಧಕನಿಗೆ ಹೊಂದಿಕೊಂಡಿರಬೇಕೆಂಬ ಈ ವಿವೇಕವು ಎಲ್ಲ ಆಟಗಳಿಗೂ ಅವಶ್ಯಕ. ಟೆನಿಸ್ ಆಟಗಾರನು ರ‍್ಯಾಕೆಟ್ಟನ್ನು ಆರಿಸಿಕೊಳ್ಳುವ ಬಗೆಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು.

ಹಿಂದೆ ರ‍್ಯಾಕೆಟ್ಟುಗಳನ್ನು ಮರದಿಂದ ತಯಾರಿಸುತ್ತಿದ್ದರು. ತಂತಿಗಳನ್ನು ಬಿಗಿದ ಅವುಗಳ ಮುಖದ ವಿಸ್ತೀರ್ಣವು ಸುಮಾರು 65ರಿಂದ 70 ಚದರ ಅಂಗುಲ ಮಾತ್ರ. 1976ರಲ್ಲಿ ಅಮೆರಿಕದ ಹೊವರ್ಡ್ ಹೆಡ್ ಎಂಬ ಎಂಜಿನಿಯರನು ರೂಪಿಸಿದ, ಸುಮಾರು 110 ಚದರ ಅಂಗುಲದ ಮುಖವುಳ್ಳ ಲೋಹದ ರ‍್ಯಾಕೆಟ್ಟು ಮಾರುಕಟ್ಟೆಗೆ ಬಂದಿತು. ಮುಂದೆ ಹಗುರವೂ ಗಟ್ಟಿಯೂ ಆದ ಗ್ರಾಫೈಟ್ ಮರದ ಸ್ಥಾನವನ್ನು ಪಡೆಯಿತು. ಆಟದ ನಿಯಮದಂತೆ ರ‍್ಯಾಕೆಟ್ಟಿನ ಉದ್ದವು 29 ಅಂಗುಲಗಳನ್ನು ಮೀರಬಾರದು. ವಯಸ್ಕರು ಸಾಮಾನ್ಯವಾಗಿ ಬಳಸುವುದು 27 ಅಂಗುಲದ್ದು. ಮಕ್ಕಳಿಗೆ ಇನ್ನೂ ಚಿಕ್ಕವುಂಟು.

ಮುಖದ ನಡುಭಾಗಕ್ಕೆ ಚೆಂಡು ತಗುಲಿದಾಗ ಕೈಗೆ ಅದುರು ಕಡಿಮೆ. ಅಂಚಿಗೆ ತಗುಲಿದರೆ ರ‍್ಯಾಕೆಟ್ಟು ಹಿಡಿತದಲ್ಲಿಯೇ ತಿರುಚುತ್ತದೆ. ಅಗಲವಾದ ಮುಖವು ಈ ತಿರುಚುವಿಕೆಯನ್ನು ತಗ್ಗಿಸುವುದರಿಂದ, ಗುರಿ ಇನ್ನೂ ಸಾಧಿಸದ ಹೊಸಬನಿಗೆ 100 ಚದರ ಅಂಗುಲಕ್ಕೆ ಮೇಲ್ಪಟ್ಟುದು ಅನುಕೂಲ. ಪಳಗಿದ ಆಟಗಾರರಲ್ಲಿ ಹಲವರು ಹತೋಟಿಗಾಗಿ ಕಿರಿದಾದ ಮುಖವನ್ನು ಮೆಚ್ಚುತ್ತಾರೆ.

ಎರಡನೆಯದು ತೂಕ. ಭಾರವಾದ ರ‍್ಯಾಕೆಟ್ಟು ವೇಗದ ಚೆಂಡಿನೆದುರು ಕದಲದೆ ನಿಲ್ಲುತ್ತದೆ. ಆದರೆ ಬಲ ಸಾಲದ ತೋಳನ್ನು ಬೇಗ ದಣಿಸುತ್ತದೆ. ಹಗುರವಾದುದನ್ನು ಸಲೀಸಾಗಿ ಬೀಸಬಹುದು. ಆದರೆ ಚೆಂಡಿನ ಹೊಡೆತದ ಅದುರನ್ನು ಅದು ಕೈಗೆ ಹೆಚ್ಚಾಗಿ ದಾಟಿಸುತ್ತದೆ. ತೂಕವು ಎಲ್ಲಿ ನೆಲೆಸಿದೆಯೆಂಬುದೂ ಮುಖ್ಯ. ರ‍್ಯಾಕೆಟ್ಟನ್ನು ನಡುಮಧ್ಯದಲ್ಲಿ ಬೆರಳ ಮೇಲಿಟ್ಟರೆ ಅದು ಯಾವ ಕಡೆಗೆ ವಾಲುವುದೋ ಆ ಕಡೆ ಭಾರ ಹೆಚ್ಚು. ತಲೆಭಾರವಾದುದು ಹೊಡೆತಕ್ಕೆ ಬಲವನ್ನು ಕೊಡುತ್ತದೆ. ಹಿಡಿಭಾರವಾದುದು ಬಲೆಯ ಬಳಿ ನಿಂತು ಥಟ್ಟನೆ ತಿರುಗಿಸುವವನಿಗೆ ಒಗ್ಗುತ್ತದೆ.

ಹಿಡಿಯ ದಪ್ಪವನ್ನು ಪರೀಕ್ಷಿಸಲು ಸುಲಭವಾದ ಉಪಾಯವೊಂದುಂಟು. ಹಿಡಿಯನ್ನು ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಮತ್ತೊಂದು ಕೈಯ ತೋರುಬೆರಳು ಹಿಡಿಸುವಷ್ಟು ಎಡೆಯಿರಬೇಕು. ತಂತಿಗಳ ವಿಚಾರವೂ ಹೀಗೆಯೇ. ತಂತಿ ಸಡಿಲವಾದಷ್ಟೂ ಚೆಂಡು ಹೆಚ್ಚು ಪುಟಿಯುತ್ತದೆ. ಬಿಗಿಯಾದಷ್ಟೂ ಹತೋಟಿ ಹೆಚ್ಚು. ಪಾಲಿಯೆಸ್ಟರ್ ತಂತಿ ಗಡುಸು, ನೈಲಾನ್ ಅದಕ್ಕಿಂತ ಮೃದು. ಗಡುಸಾದ ತಂತಿಯಿಂದ ದಿನವೂ ಆಡುವ ಎಳೆಯರ ಮೊಣಕೈಗೆ ನೋವು ಬರುವ ಸಂಭವವುಂಟು. ಅದನ್ನು ಲಕ್ಷಿಸದಿದ್ದರೆ ಆಟವನ್ನೇ ತಿಂಗಳುಗಟ್ಟಲೆ ಬಿಡಬೇಕಾದೀತು.

ಕೊಡಗು ಮೂಲದ ರೋಹನ್ ಬೋಪಣ್ಣನವರು 2024ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಅವರೊಡನೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದರು. ಮೊಣಕಾಲಿನ ಮೃದ್ವಸ್ಥಿ ಸವೆದಿದ್ದಾಗ ಅವರು ಅಯ್ಯಂಗಾರ್ ಯೋಗಾಭ್ಯಾಸದಿಂದ ಕಾಲುಗಳನ್ನು ಬಲಪಡಿಸಿಕೊಂಡಿದ್ದರು. ತಮ್ಮ ದೇಹದ ಇತಿಮಿತಿಗಳನ್ನರಿತು ಅದಕ್ಕೆ ತಕ್ಕಂತೆ ನಡೆದುದು ಅವರ ದೀರ್ಘಕಾಲದ ಆಟಕ್ಕೆ ನೆರವಾಯಿತು. ಅಂಥ ಆಟಗಾರರ ಕೈಯಲ್ಲಿದ್ದ ರ‍್ಯಾಕೆಟ್ಟನ್ನೇ ಕೊಂಡ ಮಾತ್ರಕ್ಕೆ ಅವರ ಸರ್ವಿಸ್ ಯಾರಿಗೂ ಒಲಿಯಲಾರದು. ಪ್ರಬಲರಾದ ವಯಸ್ಕರ ತೋಳಿಗೆ ತಕ್ಕ ಸಾಧನವು ಹದಿನಾಲ್ಕು ವರ್ಷದವರ ತೋಳಿಗೆ ಹೊರೆಯಾಗಬಹುದು.

ಆದುದರಿಂದ ಹೆಸರನ್ನೂ ಬೆಲೆಯನ್ನೂ ನೋಡಿ ಮರುಳಾಗುವುದು ಸಲ್ಲದು. ಕೊಳ್ಳುವ ಮುನ್ನ ಜೊತೆಯ ಆಟಗಾರರಿಂದ ಎರಡು ಮೂರು ಬಗೆಯವನ್ನು ಕೇಳಿ ಪಡೆದು ಆಡಿ ನೋಡುವುದು ಲೇಸು. ಹಳೆಯ ರ‍್ಯಾಕೆಟ್ಟಿನ ಚೌಕಟ್ಟು ಬಿರುಕುಬಿಡದಿದ್ದರೆ, ತಂತಿಗಳನ್ನು ಮಾತ್ರ ಬದಲಾಯಿಸಿದರೂ ಸಾಕಾಗಬಹುದು; ಇದರಿಂದ ಮನೆಯವರ ದುಡಿಮೆಯ ಹಣವೂ ಉಳಿಯುತ್ತದೆ. ತನ್ನ ಬಲವೆಷ್ಟು, ತನ್ನ ಆಟವೆಂಥದು ಎಂಬುದನ್ನು ಪ್ರಾಮಾಣಿಕವಾಗಿ ಅರಿತವನಿಗೆ ಆಯ್ಕೆಯು ಕಠಿಣವಲ್ಲ.