ತೊಟ್ಟಿಯ ತಳದಲ್ಲಿ ಖಾನಾಪುರದ ಕೆಮ್ಮಣ್ಣು

“ಎಷ್ಟ ಕೆಜಿ ಹಾಕ್ಲಿರಿ?”

ಬೆಳಗಾವಿಯಲ್ಲಿ ಅಕ್ವೇರಿಯಂ ಅಂಗಡಿಗೆ ಹೋಗಿ ತೊಟ್ಟಿಯ ತಳಕ್ಕೆ ಹರಳು ಕೇಳಿದರೆ ಮೊದಲು ಬರುವ ಪ್ರಶ್ನೆ ಇದು. ಎರಡು ಫೂಟಿನ ತೊಟ್ಟಿ ಅಂದರೆ ಹತ್ತು ಕೆಜಿ, ಮೂರು ಫೂಟು ಅಂದರೆ ಇಪ್ಪತ್ತು ಎಂದು ಕೈ ಅಂದಾಜಿನಲ್ಲೇ ಕಟ್ಟಿಕೊಡುತ್ತಾರೆ. ಬರೀ ಮೀನು ಸಾಕುವವರಿಗೆ ಅಷ್ಟು ಸಾಕು. ನೀರೊಳಗೆ ಗಿಡ ಬೆಳೆಸುವ ಹಂಬಲ ಇದ್ದವರಿಗೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ, ಏಕೆಂದರೆ ಬೇರು ಕೇಳುವುದು ಆಳವನ್ನು.

ಕಾಕತಿಯ ನಮ್ಮ ಪಡಸಾಲೆಯ ಮೊದಲ ತೊಟ್ಟಿಗೆ ನಾನೂ ಹೀಗೇ ಹತ್ತು ಕೆಜಿ ಬಿಳಿ ಹರಳು ಕಟ್ಟಿಸಿಕೊಂಡು ಬಂದಿದ್ದೆ. ತಿಂಗಳೊಪ್ಪತ್ತಿನಲ್ಲಿ ಗಿಡದ ಹೊಸ ಎಲೆಗಳೆಲ್ಲ ಹಳದಿಯಾದವು, ನರ ಮಾತ್ರ ಹಸಿರು. ಕಬ್ಬು ಬೆಳೆಯುವ ನೆಂಟರೊಬ್ಬರು ಬಂದವರು ಬಗ್ಗಿ ನೋಡಿ, “ಇದು ಸುಣ್ಣದ ಹೊಲದಾಗಿನ ಕಬ್ಬಿನ ಹಂಗ ಆಗೇತಲ್ಲೋ” ಅಂದರು. ಅವರು ಹೋದ ಮೇಲೆ ನಾಲ್ಕು ಹರಳು ತಟ್ಟೆಯಲ್ಲಿಟ್ಟು ಲಿಂಬೆಹಣ್ಣು ಹಿಂಡಿದೆ. ಸಣ್ಣಗೆ ಸದ್ದು ಮಾಡುತ್ತ ನೊರೆ ಎದ್ದಿತು. ನಾನು ತಂದದ್ದು ಅಮೃತಶಿಲೆಯ ಚೂರು. ಸುಣ್ಣದ ಜಾತಿಯ ಕಲ್ಲು ನೀರಿನಲ್ಲಿ ನಿಧಾನವಾಗಿ ಕರಗುತ್ತ ಗಡಸುತನವನ್ನೂ ಪಿಎಚ್‌ಅನ್ನೂ ಏರಿಸುತ್ತದೆ. ಪಿಎಚ್ ಏರಿದಷ್ಟೂ ಕಬ್ಬಿಣ ನೀರಿನಲ್ಲಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ನಮ್ಮ ಬೋರಿನ ನೀರೋ ಮೊದಲೇ ಗಡಸು. ಅಂದಿನಿಂದ ಯಾವ ಹರಳು, ಯಾವ ಉಸುಕು ತಂದರೂ ಲಿಂಬೆ ಹಿಂಡಿ ನೋಡದೆ ತೊಟ್ಟಿಗೆ ಇಳಿಸುವುದಿಲ್ಲ.

ಇನ್ನು ಅಳತೆ. ತೊಟ್ಟಿಯ ಉದ್ದ, ಅಗಲ, ಬೇಕಾದ ಆಳ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಎರಡು ಫೂಟಿನ ತೊಟ್ಟಿಯ ತಳ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಮುಂದೆ 3 ಸೆಂ.ಮೀ., ಹಿಂದೆ 8 ಸೆಂ.ಮೀ. ಇಳಿಜಾರು ಮಾಡಿದರೆ ಸರಾಸರಿ ಆಳ ಐದೂವರೆ, ಒಟ್ಟು 9.9 ಲೀಟರ್. ಅದರಲ್ಲಿ ಬೇರಿಗೆಂದು ಕೆಳಗೆ ಹರವುವ ಮಣ್ಣು ಎರಡೂವರೆ ಸೆಂ.ಮೀ., ಅಂದರೆ ನಾಲ್ಕೂವರೆ ಲೀಟರ್. ಉಳಿದ 5.4 ಲೀಟರ್ ಉಸುಕು. ಒಣ ಉಸುಕು ಲೀಟರಿಗೆ ಸುಮಾರು 1.6 ಕೆಜಿ ತೂಗುತ್ತದೆ, ಆದ್ದರಿಂದ ಒಂಬತ್ತು ಕೆಜಿಗೆ ಸ್ವಲ್ಪ ಕಡಿಮೆ. ತಿಂಗಳುಗಳು ಕಳೆದಂತೆ ಇಳಿಜಾರು ಮುಂದಕ್ಕೆ ಜರುಗುವುದರಿಂದ ಹತ್ತರಲ್ಲಿ ಒಂದು ಪಾಲು ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಒಳ್ಳೆಯದು. ತೂಕದಲ್ಲಿ ಅನುಮಾನ ಬಂದರೆ ಮನೆಯಲ್ಲಿರುವ ಲೀಟರ್ ಮಾಪಿನಲ್ಲಿ ತುಂಬಿ ಕಿರಾಣಿ ಅಂಗಡಿಯ ತಕ್ಕಡಿಗೆ ಒಯ್ದು ತೂಗಿಸಿ. ಹರಳು, ಉಸುಕು, ಸುಟ್ಟ ಮಣ್ಣು ಒಂದೊಂದರ ತೂಕ ಒಂದೊಂದು. ಜಪಾನಿನ ತಕಾಶಿ ಅಮಾನೊ 1982ರಲ್ಲಿ ಕಟ್ಟಿದ ಕಂಪನಿಯ ಅಕ್ವಾ ಸಾಯಿಲ್ ಎಂಬ ತೊಟ್ಟಿ ಮಣ್ಣಿನ ಚೀಲದ ಮೇಲೆ ಕೆಜಿ ಬದಲು 9 ಲೀಟರ್ ಎಂದೇ ಇರುತ್ತದೆ. ಎರಡು ಫೂಟಿನ ತಳಕ್ಕೆ ಅದು ಸರಿಯಾಗಿ ಐದು ಸೆಂ.ಮೀ. ಆಳ. ಇನ್ನೊಂದು ಮಾತು: ಗಾಜು, ನೀರು, ಮಣ್ಣು, ಉಸುಕು ಎಲ್ಲ ಕೂಡಿ ಈ ಪುಟ್ಟ ತೊಟ್ಟಿಯೂ 80 ಕೆಜಿ ಹತ್ತಿರ ಬರುತ್ತದೆ. ಟಿವಿ ಇಡುವ ಪ್ಲೈವುಡ್ ಸ್ಟ್ಯಾಂಡಿನ ಮೇಲೆ ಇಡಬೇಡಿ.

ಮಣ್ಣು ಯಾವುದು? ಇಲ್ಲಿ ನಮ್ಮ ಜಿಲ್ಲೆಯ ಅದೃಷ್ಟ ದೊಡ್ಡದು. ಕಾಕತಿಯಿಂದ ಪೂರ್ವಕ್ಕೆ ಬೈಲಹೊಂಗಲ, ಸವದತ್ತಿ ಕಡೆ ನಡೆದರೆ ಎರೆ ಭೂಮಿ; ದಕ್ಷಿಣಕ್ಕೆ ಖಾನಾಪುರದ ದಾರಿ ಹಿಡಿದರೆ ಕೆಮ್ಮಣ್ಣು, ಜಂಬಿಟ್ಟಿಗೆ ಕಲ್ಲು. ಗೊಬ್ಬರದ ಸತ್ವ ಹಿಡಿದಿಡುವ ಶಕ್ತಿ ಎರೆ ಮಣ್ಣಿಗೇ ಹೆಚ್ಚು. ಜೋಳಕ್ಕೆ, ಹತ್ತಿಗೆ ಅದರಂಥ ಮಣ್ಣಿಲ್ಲ. ಆದರೆ ನೀರು ತಾಗಿದರೆ ಉಬ್ಬುತ್ತದೆ, ಕದಡಿದರೆ ದಿನಗಟ್ಟಲೆ ತಿಳಿಯಾಗುವುದಿಲ್ಲ, ನಡುವೆ ಸುಣ್ಣದ ಹರಳೂ ಇರುತ್ತವೆ. ಖಾನಾಪುರದ ಕೆಮ್ಮಣ್ಣಿನ ಗುಣ ಬೇರೆ. ಘಟ್ಟದ ಮಳೆ ಲಕ್ಷಾಂತರ ವರ್ಷ ಸುರಿದು ಸುಣ್ಣವನ್ನೂ ಸಿಲಿಕಾವನ್ನೂ ತೊಳೆದೊಯ್ದು ಕಬ್ಬಿಣ, ಅಲ್ಯುಮಿನಿಯಂ ಉಳಿಸಿದೆ. ಸತ್ವ ಕಡಿಮೆ, ಕಬ್ಬಿಣ ಹೇರಳ. ತೊಟ್ಟಿಗೆ ನಾನು ಕಣ್ಣುಮುಚ್ಚಿ ಇದನ್ನೇ ಆರಿಸುತ್ತೇನೆ.

ಕೆಂಪು ಅಂದರೆ ತುಕ್ಕು. ತುಕ್ಕಿನ ಕಬ್ಬಿಣ ನೀರಿನಲ್ಲಿ ಕರಗದು, ಬೇರಿಗೂ ಎಟುಕದು. ಹಾಗಾದರೆ ಪ್ರಯೋಜನವೇನು? ಮಳೆಗಾಲದಲ್ಲಿ ಮಲಪ್ರಭೆಯ ಆಚೀಚೆಯ ಭತ್ತದ ಗದ್ದೆಗೆ ಇಳಿದವರಿಗೆ ಉತ್ತರ ಕಾಲಿಗೇ ಅಂಟಿರುತ್ತದೆ. ಮೇಲೆ ಕೆಂಪಗೆ ಕಾಣುವ ಕೆಸರು ನಾಲ್ಕು ಬೆರಳು ಕೆಳಗೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿ ಆಡುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಉಸಿರಿಗೆ ಆಮ್ಲಜನಕ ಸಿಗದೆ ತುಕ್ಕನ್ನೇ ಬಳಸಿಕೊಳ್ಳುತ್ತವೆ, ಆಗ ಕಬ್ಬಿಣ ಕರಗುವ ರೂಪಕ್ಕೆ ಬರುತ್ತದೆ. ತುಕ್ಕು ಬಿಗಿದಿಟ್ಟುಕೊಂಡ ರಂಜಕವೂ ಅದರ ಜೊತೆ ಬಿಡುಗಡೆಯಾಗಿ ಬೇರಿನ ಹತ್ತಿರವೇ ಸಿಗುತ್ತದೆ. ಗದ್ದೆಯಲ್ಲಿ ಆಗುವುದೇ ತೊಟ್ಟಿಯ ತಳದಲ್ಲೂ ಆಗಬೇಕು. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಪ್ರಕಟಿಸಿದ ಪುಸ್ತಕ ಸಾಮಾನ್ಯ ತೋಟದ ಮಣ್ಣನ್ನು ಒಂದಿಂಚು ಹರವಿ ಮೇಲೆ ಹರಳು ಮುಚ್ಚುವ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿತು. ಭತ್ತದ ಗದ್ದೆ ನೋಡಿ ಬೆಳೆದವರಿಗೆ ಅದರಲ್ಲಿ ಅಪರಿಚಿತವಾದದ್ದು ಏನೂ ಇಲ್ಲ.

ಔಷಧಿ ಹೊಡೆಯದ ಜಾಗದ ಮಣ್ಣೇ ಆಗಬೇಕು; ಕೀಟನಾಶಕದ ಒಂದಿಷ್ಟು ಶೇಷ ಉಳಿದಿದ್ದರೂ ಮೀನು ಸಾಯುತ್ತವೆ. ಬದುವಿನ ಮಣ್ಣು ತಂದು ಹಿಟ್ಟು ಸಾಣಿಸುವ ಹಾಗೆ ಸಾಣಿಸಿ, ಬುಟ್ಟಿಯಲ್ಲಿ ನೆನೆಹಾಕಿ, ತೇಲಿದ ಬೇರುಕಸ ಚೆಲ್ಲಿ, ಬಿಸಿಲಿಗೆ ಒಣಗಿಸಬೇಕು. ಮೂರು ನಾಲ್ಕು ಸಲ ನೆನೆದು ಒಣಗಿದ ಮಣ್ಣಿನಲ್ಲಿ ಕೊಳೆಯುವ ಅಂಶ ಕರಗಿಹೋಗಿರುತ್ತದೆ. ಅದರಲ್ಲಿ ಒಂದು ಹಿಡಿ ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ ಅಲುಗಾಡಿಸಿ ಕಿಟಕಿಯಲ್ಲಿಟ್ಟೆ. ಒಂದು ನಿಮಿಷದೊಳಗೆ ಉಸುಕು ಕುಳಿತಿತು. ಸಂಜೆಯ ಹೊತ್ತಿಗೆ ಅದರ ಮೇಲೆ ನುಣುಪು ಪದರ. ಅಂಟು ಜೇಡಿಯ ಕೆಂಪು ಮಂಜು ಮಾತ್ರ ಮೂರನೇ ದಿನವೂ ತೇಲುತ್ತಿತ್ತು. ಈ ಮಂಜನ್ನು ಕೆಳಗೆ ಹಿಡಿದಿಡುವುದೇ ಮೇಲಿನ ಉಸುಕಿನ ಕೆಲಸ. ಅದರ ಕಾಳು ಒಂದರಿಂದ ಮೂರು ಮಿಲಿಮೀಟರ್ ಇರಲಿ. ದೊಡ್ಡದಾದರೆ ಸಂದಿಯಿಂದ ಮಣ್ಣು ಏಳುತ್ತದೆ, ಹಿಟ್ಟಿನಷ್ಟು ಸಣ್ಣದಾದರೆ ಬಿಗಿದುಕೊಂಡು ಕೊಳೆತ ಮೊಟ್ಟೆಯ ವಾಸನೆಯ ಗಾಳಿ ಹುಟ್ಟುತ್ತದೆ. ಎಂ ಸ್ಯಾಂಡ್ ತಂದರೆ ಧೂಳು ಹೋಗುವ ತನಕ ಹತ್ತು ನೀರು ತೊಳೆಯಬೇಕು, ಕಾಳಿನ ಅಂಚೂ ಚೂಪು, ತಳದಲ್ಲಿ ಮೂತಿ ತಿಕ್ಕುವ ಮೀನಿಗೆ ಆಗದು. ಹೊಳೆಯಿಂದ ಬುಟ್ಟಿ ತುಂಬಿ ತರುವ ಯೋಚನೆ ಮಾತ್ರ ಬೇಡ. ಮಾರ್ಕಂಡೇಯ, ಮಲಪ್ರಭೆಯ ಒಡಲು ಸಾಕಷ್ಟು ಬರಿದಾಗಿದೆ.

ಅಕ್ವಾ ಸಾಯಿಲ್ ಎಂದು ದುಬಾರಿ ಬೆಲೆಗೆ ಬರುವುದೂ ಮೂಲದಲ್ಲಿ ಉಂಡೆ ಕಟ್ಟಿ ಹದವಾಗಿ ಬೇಯಿಸಿದ ಮಣ್ಣು. ಖಾನಾಪುರದ ಜೇಡಿ ಹಂಚಿಗೂ ಗಡಿಗೆಗೂ ಹೆಸರುವಾಸಿ; ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಒಡೆದ ಗಡಿಗೆಯ ಬೋಕಿಗಳನ್ನು ಕುಟ್ಟಿ ಸಾಣಿಸಿ ನಾನು ಮುಂಭಾಗಕ್ಕೆ ಹಾಕಿದ್ದೇನೆ. ಪೂರಾ ಸುಟ್ಟ ಮಣ್ಣಿಗೆ ಸತ್ವ ಹಿಡಿಯುವ ಶಕ್ತಿ ಅಷ್ಟಿರದು, ಆದರೆ ಹಗುರ, ಒಳಗೆಲ್ಲ ಸೂಕ್ಷ್ಮ ರಂಧ್ರ, ಬೇರು ಸಲೀಸಾಗಿ ಓಡಾಡುತ್ತದೆ. ಸುಟ್ಟರೂ ಹದ ಮೀರದ ಉಂಡೆಗಳನ್ನು ನಮ್ಮ ಕುಂಬಾರರೇ ಮಾಡಿ ಮಾರುವ ದಿನ ಬಂದರೆ ಮೊದಲ ಚೀಲ ನನ್ನದು.

ಮಣ್ಣು ಹಾಕಿದ ನಾಲ್ಕನೇ ದಿನಕ್ಕೇ ಮೀನು ಬಿಟ್ಟು ಒಮ್ಮೆ ಕಳೆದುಕೊಂಡೆ. ಹೊಸ ಮಣ್ಣು ಅಮೋನಿಯಾ ಬಿಡುತ್ತದೆ. ಗಿಡ ನೆಟ್ಟು, ವಾರಕ್ಕೆರಡು ಸಲ ಅರ್ಧ ನೀರು ಬದಲಿಸುತ್ತ, ಮೂರು ನಾಲ್ಕು ವಾರ ಕಾಯಬೇಕು. ಟೆಸ್ಟ್ ಕಿಟ್ ಸೊನ್ನೆ ತೋರಿಸಿದ ಮೇಲಷ್ಟೇ ಮೀನು. ನೀರು ತುಂಬುವಾಗ ಉಸುಕಿನ ಮೇಲೆ ಊಟದ ತಟ್ಟೆ ಇಟ್ಟು ಅದರ ಮೇಲೆ ತಂಬಿಗೆಯಿಂದ ಸುರಿಯಬೇಕು, ಅವಸರ ಮಾಡಬಾರದು.

ಮೊನ್ನೆ ಜಾಗ ಬದಲಿಸಲು ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಒಂದನ್ನು ಎಳೆದೆ. ಪಶ್ಚಿಮ ಘಟ್ಟದ ಹೊಳೆಗಳದೇ ಗಿಡ, ಉದ್ದನೆಯ ಎಲೆ. ಬೇರು ಗೇಣುದ್ದ ಬಂದಿತು. ಉಸುಕಿನಲ್ಲಿದ್ದಷ್ಟು ಭಾಗ ಬೆಳ್ಳಗೆ, ಮಣ್ಣಿಗಿಳಿದ ಭಾಗದ ಸುತ್ತ ಇಟ್ಟಿಗೆ ಬಣ್ಣದ ತೆಳು ಲೇಪ. ಭತ್ತದ ಸಸಿ ಕಿತ್ತಾಗಲೂ ಬೇರಿನ ಮೇಲೆ ಇದೇ ಬಣ್ಣ ಕಾಣುತ್ತದೆ. ಬೇರು ಎಲೆಯಿಂದ ಇಳಿಸಿಕೊಂಡ ಆಮ್ಲಜನಕ ತನ್ನ ಸುತ್ತಲ ಕಬ್ಬಿಣವನ್ನು ಮತ್ತೆ ತುಕ್ಕಾಗಿಸಿರುತ್ತದೆ. ಅವ್ವ ಅದನ್ನು ಅಂಗೈಯಲ್ಲಿ ಹಿಡಿದು ನೋಡಿ, “ಇದು ನಮ್ಮ ಗದ್ದಿ ಮಣ್ಣ ಅಲ್ಲೇನೋ?” ಅಂದಳು. ನೀರಿನಲ್ಲಿ ಮೆಲ್ಲಗೆ ಅದ್ದಿ, ತೊಳೆಯದೆ ಹಾಗೆಯೇ ಹಿಂಬದಿಯ ಮೂಲೆಯಲ್ಲಿ ನೆಟ್ಟೆ.