ಬಾವಿಕೋಣೆಯ ಹಳೆಯ ವಿದ್ಯುತ್ ಮೋಟಾರುಗಳು: ಅವುಗಳ ಸಂಗ್ರಹಣ ಮತ್ತು ಜೀರ್ಣೋದ್ಧಾರ

ಬೀದರ ತಾಲ್ಲೂಕಿನ ಜನವಾಡ ಹೋಬಳಿಯಲ್ಲಿಯೂ, ಅಲ್ಲಿಂದ ಔರಾದ ಮತ್ತು ಭಾಲ್ಕಿಯ ಕಡೆಗಿರುವ ಗ್ರಾಮಗಳಲ್ಲಿಯೂ ತೆರೆದ ಬಾವಿಗಳ ಮಗ್ಗುಲಿಗೆ ಕಲ್ಲಿನಿಂದಲೋ ಜಂಬಿಟ್ಟಿಗೆಯಿಂದಲೋ ಕಟ್ಟಿದ ಸಣ್ಣ ಕೋಣೆಗಳು ಕಾಣಬರುವುವು. ಒಂದು ಕಾಲದಲ್ಲಿ ಎತ್ತಿನ ಮೊಟೆಯನ್ನು ಬಿಡಿಸಿ ಆ ಬಾವಿಗಳಿಗೆ ಮೋಟಾರನ್ನೂ ಪಂಪನ್ನೂ ಕೂರಿಸಿದವರು ಈಗಿನ ಭೂಮಾಲಿಕರ ತಂದೆಯರು ಅಥವಾ ಅಜ್ಜಂದಿರು. ಬಾವಿ ಬತ್ತಿ, ಕೊಳವೆಬಾವಿ ಬಂದ ಮೇಲೆ ಆ ಯಂತ್ರಗಳು ಕೋಣೆಯಲ್ಲಿಯೇ ಉಳಿದವು. ಈಗಿನ ಮೋಟಾರು ನೆಲದ ಒಡಲಿನಲ್ಲಿ ನೀರಿನಡಿ ಇರುವುದರಿಂದ ಕೆಟ್ಟು ಮೇಲಕ್ಕೆತ್ತುವ ದಿನದ ಹೊರತು ಯಾರ ಕಣ್ಣಿಗೂ ಬೀಳದು. ಹಳೆಯದಾದರೋ ಕಣ್ಣೆದುರಿಗೆ ಇದ್ದು ತುಕ್ಕು ಹಿಡಿಯುತ್ತದೆ. ಭಂಗಾರದ ವ್ಯಾಪಾರಿಯು ಬಂದು ತಕ್ಕಡಿಗೆ ಹಾಕುವನು. ಒಳಗಿನ ತಾಮ್ರಕ್ಕೊಂದು ದರ, ಹೊರಗಿನ ಬೀಡುಕಬ್ಬಿಣಕ್ಕೊಂದು ದರ. ಹಿತ್ತಾಳೆಯ ಹೆಸರುಪಟ್ಟಿಯನ್ನು ಕಿತ್ತು ಬೇರೆ ಚೀಲಕ್ಕೆ ಹಾಕುವನು. ತಾಮ್ರವನ್ನೂ ಸತುವನ್ನೂ ಬೆರೆಸಿ ಬೆಳ್ಳಿಯ ಕೆತ್ತನೆಯಿಂದ ಬಿದ್ರಿಯಂತಹ ವಸ್ತುವನ್ನು ಮಾಡಿ ಲೋಕಕ್ಕೆ ತೋರಿಸಿದ ನಾಡಿನಲ್ಲಿ ತಾಮ್ರಕ್ಕೆ ಹೀಗೆ ತೂಕದ ಬೆಲೆ ಮಾತ್ರ ಉಳಿದಿರುವುದು ವಿಷಾದದ ಸಂಗತಿ.

ಇಂತಹ ಯಂತ್ರಗಳಲ್ಲಿ ಯಾವುವು ಉಳಿಸತಕ್ಕವು, ಉಳಿಸುವುದಾದರೆ ಹೇಗೆ, ಎಂಬ ವಿಚಾರವನ್ನು ಗ್ರಾಮದ ಹಿರಿಯರ ಮತ್ತು ಭೂಮಾಲಿಕರ ಮುಂದಿಡುವುದು ಈ ಲೇಖನದ ಉದ್ದೇಶ. ಮಾರಿದ ಮೇಲೆ ಮರಳಿ ಪಡೆಯಲು ಬಾರದ ವಸ್ತುವಾದುದರಿಂದ ಮಾರುವುದಕ್ಕೆ ಮುಂಚೆಯೇ ಇದನ್ನು ಯೋಚಿಸಬೇಕು.

ವಿದ್ಯುತ್ತಿನಿಂದ ಚಲನೆಯನ್ನು ಪಡೆಯಬಹುದೆಂದು 1821ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು ತೋರಿಸಿದನು. 1837ರಲ್ಲಿ ಅಮೆರಿಕೆಯ ಥಾಮಸ್ ಡ್ಯಾವೆನ್‌ಪೋರ್ಟ್ ಎಂಬ ಕಮ್ಮಾರನು ಮೋಟಾರಿಗೆ ಪೇಟೆಂಟು ಪಡೆದನು. ಕಮ್ಮಾರನ ಕುಲುಮೆಯಿಂದ ಇಂತಹ ಯಂತ್ರವು ಹೊರಟಿತೆಂಬುದನ್ನು ನಮ್ಮ ಹಳ್ಳಿಯ ಕಮ್ಮಾರರಿಗೆ ಹೇಳಿದರೆ ಅವರು ಸಂತೋಷಪಡುವರು. ಆದರೆ ಬ್ಯಾಟರಿಯ ವಿದ್ಯುತ್ತು ದುಬಾರಿಯಾದುದರಿಂದ ಆ ಯಂತ್ರಗಳು ಬಳಕೆಗೆ ಬರಲಿಲ್ಲ. ಇಟಲಿಯ ಗೆಲಿಲಿಯೋ ಫೆರಾರಿಸ್ ಮತ್ತು ನಿಕೋಲಾ ಟೆಸ್ಲಾ ಇವರು 1888ರಲ್ಲಿ ಪ್ರಕಟಿಸಿದ ತಿರುಗುವ ಕಾಂತಕ್ಷೇತ್ರದ ತತ್ತ್ವವೂ, ಮರುವರ್ಷ ಡೊಲಿವೊ ಡೊಬ್ರೊವೊಲ್ಸ್ಕಿಯು ರಚಿಸಿದ ಮೂರು ಫೇಸಿನ ಮೋಟಾರೂ ಈಗ ನಮ್ಮ ಹೊಲಗಳಲ್ಲಿರುವ ಮೋಟಾರಿಗೆ ತಾಯಿತಂದೆಗಳು. 1891ರಲ್ಲಿ ಜರ್ಮನಿಯ ಲೌಫೆನ್ ಎಂಬಲ್ಲಿ ನದಿಯ ನೀರಿನಿಂದ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 175 ಕಿಲೋಮೀಟರು ದೂರದ ಫ್ರಾಂಕ್‌ಫರ್ಟಿನ ಪ್ರದರ್ಶನಕ್ಕೆ ತಂದಾಗ, ಅದರಿಂದ ಸುಮಾರು 100 ಅಶ್ವಶಕ್ತಿಯ ಮೋಟಾರೊಂದು ಪಂಪನ್ನು ನಡೆಸಿ ಕೃತಕ ಜಲಪಾತವನ್ನು ಧುಮ್ಮಿಕ್ಕಿಸಿತು. ದೂರದಿಂದ ಬಂದ ವಿದ್ಯುತ್ತು ಜನರೆದುರಿಗೆ ನೀರೆತ್ತಿ ತೋರಿಸಿದ ಪ್ರಸಂಗವಿದು. ರೈತನಿಗೆ ಇದಕ್ಕಿಂತ ಹತ್ತಿರದ ಚರಿತ್ರೆ ಬೇರೆ ಬೇಕಿಲ್ಲ.

ಕನ್ನಡ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹೊತ್ತಿದವು. ಆ ಕಾಲದ ಯಂತ್ರಗಳೆಲ್ಲ ಪರದೇಶದವು. ದೇಶೀಯ ಮೋಟಾರು ಬಂದದ್ದು ತಡವಾಗಿ: ಕೊಯಮತ್ತೂರಿನಲ್ಲಿ ಜಿ. ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ಇವರ ಪ್ರಯತ್ನದಿಂದ 1937ರಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಕಬ್ಬಿಣದ ನೇಗಿಲಿನಿಂದ ರೈತರ ಮನೆಮಾತಾದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ ಕಾರ್ಖಾನೆಯನ್ನು ಸ್ಥಾಪಿಸಿದ್ದು 1946ರಲ್ಲಿ.

ಬೀದರ ಸೀಮೆಯು 1948ರ ವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆದುದರಿಂದ ನಮ್ಮ ಬಾವಿಗಳಲ್ಲಿ 1902ರ ಯಂತ್ರವನ್ನು ಹುಡುಕುವುದು ವ್ಯರ್ಥ. ಇಲ್ಲಿ ದೊರೆಯತಕ್ಕವು ಬಹುಪಾಲು ಸ್ವಾತಂತ್ರ್ಯಾನಂತರದ ದಶಕಗಳವು. ಎಲ್ಲೋ ಒಂದೆರಡು ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ಹಳೆಯ ಗಿರಣಿಯ ಮಾಲಾಗಿ ಬಂದಿದ್ದರೆ ಅವು ಇನ್ನೂ ಪುರಾತನವಾಗಿರಬಹುದು. ಹಾಗೆಂದು ಮೊದಲಿನ ತಲೆಮಾರಿನ ದೇಶೀಯ ಮೋಟಾರನ್ನು ಕಡೆಗಣಿಸಲಾಗದು. ಒಂದು ಹಳ್ಳಿಗೆ ಮೊದಲು ಬಂದ ಮೋಟಾರು ಆ ಹಳ್ಳಿಗೆ ಅಪೂರ್ವವೇ ಸರಿ.

ಯಂತ್ರದ ವಯಸ್ಸನ್ನು ತಿಳಿಯಲು ಹೆಸರುಪಟ್ಟಿಯೇ ಮುಖ್ಯ ಆಧಾರ. ತಯಾರಕರ ಹೆಸರು, ಕ್ರಮಸಂಖ್ಯೆ, ವೋಲ್ಟು, ಆಂಪಿಯರು, ನಿಮಿಷಕ್ಕೆ ಸುತ್ತು, ಅಶ್ವಶಕ್ತಿ ಇವೆಲ್ಲ ಅದರಲ್ಲಿ ಇರುವುವು. ಹರ್ಟ್ಸ್ ಎಂಬ ಮಾನವನ್ನು ಅಂತರರಾಷ್ಟ್ರೀಯ ಮಾನಪದ್ಧತಿಗೆ ಸೇರಿಸಿದ್ದು 1960ರಲ್ಲಿ. ಪಟ್ಟಿಯಲ್ಲಿ ಸೈಕಲ್ ಎಂದಿದ್ದರೆ ಅದು ಅದಕ್ಕೆ ಹಿಂದಿನದೋ ಸಮೀಪಕಾಲದ್ದೋ ಎಂದು ಊಹಿಸಬಹುದು. ಭಾರತೀಯ ಮಾನಕದ ಅಂಕಿಯಿದ್ದರೆ 1947ರ ನಂತರದ್ದು, ಏಕೆಂದರೆ ಮಾನಕ ಸಂಸ್ಥೆಯು ಹುಟ್ಟಿದ್ದೇ ಆ ವರ್ಷ. ಪಟ್ಟಿಯನ್ನು ಮರಳುಕಾಗದದಿಂದ ಉಜ್ಜಬಾರದು, ಅದರ ಮೇಲೆ ಬಣ್ಣ ಬಳಿಯಬಾರದು. ಒದ್ದೆ ಬಟ್ಟೆಯಿಂದ ಒರಸಿ, ಅಕ್ಷರ ಮಸುಕಾಗಿದ್ದರೆ ತೆಳು ಕಾಗದವನ್ನು ಮೇಲಿಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆದುಕೊಳ್ಳತಕ್ಕದ್ದು.

ಸೈಕಲಿನ ಅಂಕಿಯನ್ನು ವಿಶೇಷವಾಗಿ ನೋಡಬೇಕು. ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಸೈಕಲಿನದಾಗಿತ್ತು. 1948ರಲ್ಲಿ ಆರಂಭವಾದ ಜೋಗದ ಕೇಂದ್ರದ್ದು 50 ಸೈಕಲಿನದು. ಹಳೆಯ ಮೈಸೂರಿನ ಕಡೆಯಿಂದ ತಂದ 25 ಸೈಕಲಿನ ನಾಲ್ಕು ಧ್ರುವದ ಮೋಟಾರು ತನ್ನ ವಿದ್ಯುತ್ತಿನಲ್ಲಿ ನಿಮಿಷಕ್ಕೆ 750 ಸುತ್ತಿಗೆ ಸಮೀಪವಾಗಿ ತಿರುಗಿದರೆ, ಇಂದಿನ ವಿದ್ಯುತ್ತಿನಲ್ಲಿ 1500ರ ಸಮೀಪಕ್ಕೆ ಏರಲು ಯತ್ನಿಸುವುದು. ಪಂಪಿಗೆ ಬೇಕಾಗುವ ಶಕ್ತಿಯು ವೇಗದ ಘನದಂತೆ ಬೆಳೆಯುವುದರಿಂದ, ಎರಡರಷ್ಟು ವೇಗಕ್ಕೆ ಎಂಟರಷ್ಟು ಶಕ್ತಿ ಬೇಕು. ಅಂತಹ ಹೊರೆಯನ್ನು ಮೋಟಾರು ತಾಳಲಾರದು. ಹಳೆಯ ಬೀಡಿನ ರಾಟೆಯೂ ಆ ವೇಗಕ್ಕೆ ಸಿಡಿಯಬಹುದು.

ಇನ್ನು ಜೀರ್ಣೋದ್ಧಾರದ ಕ್ರಮ. ಮೇಲಿಟ್ಟ ಪಂಪು ವ್ಯವಹಾರದಲ್ಲಿ ಆರೇಳು ಮೀಟರಿಗಿಂತ ಹೆಚ್ಚು ಆಳದಿಂದ ನೀರನ್ನು ಹೀರಲಾರದು. ಆದುದರಿಂದ ಆಳದ ಬಾವಿಗಳಲ್ಲಿ ಮೋಟಾರನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸಿ ಕೂರಿಸುತ್ತಿದ್ದರು. ಅಲ್ಲಿಂದ ಬಂದ ಯಂತ್ರಗಳ ಒಡಲಲ್ಲಿ ತೇವ ತುಂಬಿರುವುದು ಸಹಜ. ಕೋಣೆಯಿಂದ ತಂದೊಡನೆ ತಂತಿ ಜೋಡಿಸಿ ತಿರುಗುವುದೋ ಎಂದು ನೋಡುವ ಆತುರವು ಎಷ್ಟೋ ಹಳೆಯ ವೈಂಡಿಂಗುಗಳನ್ನು ಸುಟ್ಟಿದೆ. ಮೊದಲು ಕೈಯಿಂದ ದಂಡವನ್ನು ತಿರುಗಿಸಿ ನೋಡಬೇಕು. ತಿರುಗದಿದ್ದರೆ ಸುತ್ತಿಗೆಯಿಂದ ಬಡಿಯದೆ, ತುಕ್ಕು ಬಿಡುವ ಎಣ್ಣೆಯನ್ನು ದಂಡಕ್ಕೆ ಮಾತ್ರ ಹಾಕಿ, ವೈಂಡಿಂಗಿಗೆ ತಗಲದಂತೆ ನೋಡಿಕೊಂಡು, ಕೆಲವು ದಿನ ಕಾಯತಕ್ಕದ್ದು.

ಆ ಕಾಲದ ತಂತಿಗೆ ಹತ್ತಿನೂಲಿನ ಹೊದಿಕೆ, ಎಣ್ಣೆ ವಾರ್ನೀಷು ಹಚ್ಚಿದ ಬಟ್ಟೆ, ಅಭ್ರಕ, ಅರಗು ಇವೇ ರಕ್ಷಣೆ. ಸ್ಪಿರಿಟ್ಟು ಅರಗನ್ನು ಕರಗಿಸುವುದು. ನೀರಿನ ರಭಸವು ನೂಲನ್ನು ಬಿಡಿಸುವುದು. ಮೃದುವಾದ ಕುಂಚದಿಂದಲೂ ಮೆಲ್ಲಗೆ ಬೀಸುವ ಗಾಳಿಯಿಂದಲೂ ಧೂಳನ್ನು ತೆಗೆಯಬೇಕು. ಆಮೇಲೆ ಒಣಗಿಸುವ ಕೆಲಸ. ಡಬ್ಬಿಯಂತೆ ಮುಚ್ಚಿದ ಜಾಗದಲ್ಲಿ ಯಂತ್ರವನ್ನಿಟ್ಟು, ಗಾಳಿಗೆ ಸ್ವಲ್ಪ ಸಂದು ಬಿಟ್ಟು, ಬಿಸಿಯಾಗುವ ಹಳೆಯ ತರದ ಬಲ್ಬುಗಳ ಶಾಖದಿಂದ ಹಲವು ದಿನ ಒಣಗಿಸಬಹುದು. ಶಾಖವು 80 ಡಿಗ್ರಿ ಸೆಲ್ಸಿಯಸನ್ನು ಮೀರಬಾರದು. ಬಳಿಕ ಎಲ್ಲ ಸಂಪರ್ಕಗಳನ್ನು ಬಿಡಿಸಿ 500 ವೋಲ್ಟಿನ ಮೆಗ್ಗರಿನಿಂದ ವೈಂಡಿಂಗಿಗೂ ಒಡಲಿಗೂ ನಡುವಿನ ನಿರೋಧವನ್ನು ಅಳೆಯಿಸಬೇಕು. ಒಂದು ಮೆಗಾಓಮಿಗಿಂತ ಕಡಿಮೆಯಿದ್ದರೆ ವಿದ್ಯುತ್ತು ಕೊಡಕೂಡದು, ಮತ್ತೆ ಒಣಗಿಸಬೇಕು.

ಬೇರಿಂಗುಗಳ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ಹಳೆಯ ಯಂತ್ರಗಳಲ್ಲಿ ಗುಂಡುಗಳ ಬೇರಿಂಗಿನ ಬದಲು ಬಿಳಿಲೋಹದ ಬುಶ್ಶು ಇದ್ದು, ದಂಡದ ಮೇಲೆ ಜೋತುಬಿದ್ದ ಉಂಗುರವೊಂದು ಕೆಳಗಿನ ಎಣ್ಣೆಯನ್ನು ಮೇಲಕ್ಕೆ ತರುವುದು. ಅಲ್ಲಿ ಗ್ರೀಸು ತುಂಬಿದರೆ ಉಂಗುರ ನಿಲ್ಲುವುದು, ಲೋಹ ಕರಗುವುದು. ಅಂಟಾದ ಹಳೆಯ ಎಣ್ಣೆಯನ್ನು ಹೊರಹಾಕಿ, ತೆಳುವಾದ ಖನಿಜ ಎಣ್ಣೆಯನ್ನು ಹಾಕಿ, ಉಂಗುರವು ತಿರುಗುವುದನ್ನು ಕಣ್ಣಾರೆ ನೋಡಬೇಕು. ಕಮ್ಯುಟೇಟರು ಇರುವ ಯಂತ್ರ ಸಿಕ್ಕರೆ ಅದನ್ನು ಎಮರಿ ಕಾಗದದಿಂದ ತಿಕ್ಕಬಾರದು. ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕುಳಿತು ವಿದ್ಯುತ್ತನ್ನು ದಾಟಿಸುವುದು. ನಯವಾದ ಗಾಜುಕಾಗದವು ಯೋಗ್ಯ.

ವೈಂಡಿಂಗು ಪೂರ್ತಿ ಸುಟ್ಟಿದ್ದರೆ ಮತ್ತೆ ಕಟ್ಟಿಸುವುದು ಅನಿವಾರ್ಯ. ಬೀದರ ಪಟ್ಟಣದ ವೈಂಡಿಂಗ್ ಕೆಲಸಗಾರರ ಕೈಚಳಕವು ಮೆಚ್ಚತಕ್ಕದ್ದು. ಆದರೆ ಬಿಚ್ಚುವ ಮುಂಚೆ ಗಾಡಿಗಳ ಸಂಖ್ಯೆ, ಪ್ರತಿ ಕಾಯಿಲಿನ ಸುತ್ತು, ತಂತಿಯ ಗೇಜು, ಜೋಡಣೆಯ ನಕ್ಷೆ ಇವನ್ನು ಬರೆದಿಡಬೇಕೆಂದು ಮಾಲಿಕನೇ ಕೇಳಿಕೊಳ್ಳತಕ್ಕದ್ದು. ಹಳೆಯ ಕಾಯಿಲು ಒಂದನ್ನಾದರೂ ತೆಗೆದಿರಿಸಬೇಕು. ಬೆಂಕಿಗೆ ಹಾಕಿ ಸುಡುವ ಪದ್ಧತಿಯು ಒಳಗಿನ ಕಬ್ಬಿಣದ ತಗಡುಗಳ ನಡುವಣ ರಕ್ಷಾಲೇಪವನ್ನು ಕೆಡಿಸುವುದರಿಂದ ಅದಕ್ಕೆ ಒಪ್ಪಬಾರದು. ಕೆಲವು ಹಳೆಯ ಯಂತ್ರಗಳಲ್ಲಿ ಕಲ್ನಾರಿನ ಪಟ್ಟಿಯೂ ಇರುವುದುಂಟು. ಅದನ್ನು ಒಣದಾಗಿ ಅರದಿಂದ ತಿಕ್ಕಿದರೆ ಧೂಳು ಪುಪ್ಪುಸಕ್ಕೆ ಹಾನಿಕರ. ಮಕ್ಕಳನ್ನಂತೂ ಹತ್ತಿರ ಸೇರಿಸಬಾರದು.

ಹೀಗೆ ಸಿದ್ಧವಾದ ಯಂತ್ರವನ್ನು ನಿತ್ಯದ ನೀರಾವರಿಗೆ ಹೂಡುವುದು ನನಗೆ ಸಮ್ಮತವಲ್ಲ. ಅದು ಹೊರೆಯಿಲ್ಲದೆ ಸ್ವಲ್ಪ ಹೊತ್ತು ತಿರುಗಿ ತೋರಿಸಿದರೆ ಸಾಕು. ಭೂಸಂಪರ್ಕವೂ ಸೋರಿಕೆ ಕಂಡರೆ ತಾನೇ ಕಡಿಯುವ ಸ್ವಿಚ್ಚೂ ಇಲ್ಲದೆ ಅದನ್ನು ಚಾಲೂ ಮಾಡಕೂಡದು. ನೀರಾವರಿಗೆಂದು ಜೆಸ್ಕಾಂನಿಂದ ದೊರೆತ ಸಂಪರ್ಕವನ್ನು ಪ್ರದರ್ಶನಕ್ಕೆ ಬಳಸುವುದೂ ನಿಯಮಕ್ಕೆ ಹೊಂದದು. ಶಾಲೆ ಅಥವಾ ಪಂಚಾಯತಿಯ ಕಟ್ಟಡದ ಸಂಪರ್ಕದಿಂದ, ಪರವಾನಗಿಯುಳ್ಳ ಕೆಲಸಗಾರನ ಕೈಯಿಂದ ಮಾಡಿಸುವುದು ಲೇಸು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು 1965ರಲ್ಲಿ ಜನರಿಗೆ ತೆರೆದ ಮೊದಲ ವಿಭಾಗವೇ ವಿದ್ಯುತ್ತಿನದು. ಹಳ್ಳಿಯ ಶಾಲೆಯ ಒಂದು ಮೂಲೆಯಲ್ಲಿ ಊರಿನ ಮೊದಲ ಮೋಟಾರನ್ನೂ, ಸಿಕ್ಕರೆ ಅದರ ಪಕ್ಕದಲ್ಲಿ ಮೊಟೆಯ ಚರ್ಮದ ಚೀಲವನ್ನೂ ಇಟ್ಟರೆ ಮಕ್ಕಳು ಪುಸ್ತಕವಿಲ್ಲದೆ ಕಲಿಯುವ ಪಾಠವಾದೀತು. ಇದಕ್ಕೆ ದೊಡ್ಡ ವೆಚ್ಚವೇನೂ ಬಾರದು; ಭಂಗಾರದವನು ಕೊಡುವ ಹಣವನ್ನು ಬಿಟ್ಟುಕೊಡುವುದೇ ಮುಖ್ಯ ವೆಚ್ಚ.

ಯಂತ್ರದೊಂದಿಗೆ ಅದರ ವೃತ್ತಾಂತವೂ ಉಳಿಯಬೇಕು. ಬಾವಿಯ ಸರ್ವೆ ನಂಬರು, ಕೂರಿಸಿದವರು ಯಾರು, ಯಾವ ವರ್ಷ, ಮೊದಲ ವರ್ಷ ಯಾವ ಬೆಳೆಗೆ ನೀರು ಹಾಯಿಸಿದರು, ಬಾವಿ ಬತ್ತಿದ್ದು ಯಾವಾಗ ಎಂಬಿಷ್ಟನ್ನು ಮನೆಯ ವೃದ್ಧರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು, ಹಳೆಯ ರಸೀದಿಯಿದ್ದರೆ ಅದನ್ನೂ ಸೇರಿಸಿ ಇಡತಕ್ಕದ್ದು. ಯಂತ್ರವು ಇನ್ನೂ ಬಾವಿಯೊಳಗಿನ ಕಟ್ಟೆಯಲ್ಲಿಯೇ ಇದ್ದರೆ ಮೃಗಶಿರ ಮಳೆಗೆ ಮುಂಚೆ ಅದನ್ನು ಮೇಲಕ್ಕೆ ತರಿಸುವುದು ಒಳ್ಳೆಯದು. ಹಳೆಯ ಮೆಟ್ಟಿಲುಗಳನ್ನು ನಂಬದೆ, ಗಟ್ಟಿಯಾದ ಮುಕ್ಕಾಲಿಗೂ ಸರಪಳಿ ರಾಟೆಗೂ ಏರ್ಪಾಡು ಮಾಡಿ, ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಂಡು ಎತ್ತಿಸಬೇಕು.