ಕುತ್ತಿಗೆಗೆ ಬಲ: ಗರಡಿಯ ಕಲ್ಲಿನಿಂದ ರಬ್ಬರ್ ಪಟ್ಟಿಯವರೆಗೆ

ಅಡಿಕೆ ತೋಟದಲ್ಲಿ ದುಡಿಯುವವನ ಕಣ್ಣು ನೆಲದ ಮೇಲಿರುವುದಕ್ಕಿಂತ ಮರದ ತುದಿಯಲ್ಲಿರುವುದೇ ಹೆಚ್ಚು. ಕೊನೆ ಬಲಿತಿದೆಯೇ, ಕೊಳೆ ಹತ್ತಿದೆಯೇ, ಹಿಂಗಾರ ಒಣಗಿದೆಯೇ ಎಂದು ನೋಡಲು ಕತ್ತೆತ್ತಲೇಬೇಕು. ಹಿಂದೆ ಕೊನೆಗಾರ ತುದಿಗೇ ಏರಿ ಕೆಲಸ ಮಾಡುತ್ತಿದ್ದ. ಏರುವವರು ಕಡಿಮೆಯಾದ ಮೇಲೆ ಕಾರ್ಬನ್ ಫೈಬರ್ ದೋಟಿ ಬಂದಿತು. ಮರದಿಂದ ಬೀಳುವ ಭಯ ತಪ್ಪಿತು, ಅದು ಸಣ್ಣ ಲಾಭವಲ್ಲ. ಆದರೆ ಐವತ್ತು ಅರವತ್ತು ಅಡಿ ಎತ್ತರದ ಕೊನೆಗೆ ನೆಲದಲ್ಲಿ ನಿಂತು ಗುರಿಯಿಡುವವನು ದಿನವಿಡೀ ಮುಖವನ್ನು ಆಕಾಶಕ್ಕೆ ಒಡ್ಡಿರಬೇಕು. ಮಳೆಗಾಲದಲ್ಲಿ ದೋಟಿಯಿಂದಲೇ ಬೋರ್ಡೋ ಹೊಡೆಯುವವನ ಪಾಡೂ ಇದೇ. ಸಂಜೆಯ ಹೊತ್ತಿಗೆ ಹಿಂದಲೆ ಬಿಗಿದು, ಅಲ್ಲಿಂದ ನೋವು ನೆತ್ತಿ ದಾಟಿ ಹುಬ್ಬಿನ ಮೇಲೆ ಕುಳಿತುಕೊಳ್ಳುತ್ತದೆ. ಒಂದು ಮಾತ್ರೆ ನುಂಗಿ ಮಲಗುವುದು, ಬೆಳಿಗ್ಗೆ ಮತ್ತೆ ದೋಟಿ ಹಿಡಿಯುವುದು.

ಈ ನೋವು ನಮ್ಮ ಮಲೆನಾಡು ಕರಾವಳಿಗೆ ಮೀಸಲಾದದ್ದಲ್ಲ. ಅಡಿಕೆ ಕಾಫಿಗಳ ನೆರಳೂ ಇಲ್ಲದ ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನಲ್ಲಿ, ತೆಲಸಂಗದ ಸುತ್ತ, ದ್ರಾಕ್ಷಿ ತೋಟಗಳಿವೆ. ಅಲ್ಲಿ ವರ್ಷಕ್ಕೆ ಎರಡು ಬಾರಿ, ಏಪ್ರಿಲಿನ ಸುಮಾರಿಗೆ ಒಮ್ಮೆ ಮತ್ತು ಅಕ್ಟೋಬರಿನ ಸುಮಾರಿಗೆ ಒಮ್ಮೆ, ಬಳ್ಳಿಯ ಚಾಟಣಿ ನಡೆಯುತ್ತದೆ. ಮುಂದೆ ಚಿಗುರು ತೆಗೆಯುವುದು, ಗೊನೆಗಳ ಆರೈಕೆ. ಹಂದರದ ಕೆಳಗೆ ನಿಂತವರು ಕೈ ಮೇಲೆತ್ತಿ, ಗೋಣು ಹಿಂದಕ್ಕೆ ಬಾಗಿಸಿಯೇ ಈ ಕೆಲಸ ಮಾಡಬೇಕು. ಬೆಳೆ ಬೇರೆ, ಮಣ್ಣು ಬೇರೆ, ಮಾತಿನ ಧಾಟಿಯೂ ಬೇರೆ. ಗೋಣು ಮಾತ್ರ ಒಂದೇ.

ತೆಲಸಂಗದ ಹೆಸರು ಎತ್ತಲು ಇನ್ನೊಂದು ಕಾರಣವೂ ಉಂಟು. ಅದು ಪೈಲವಾನರ ಸೀಮೆ. ಆ ಕಡೆಯ ಜಾತ್ರೆಗಳಿಗೆ ಕುಸ್ತಿಯಿಲ್ಲದೆ ಕಳೆ ಕಟ್ಟುವುದಿಲ್ಲ. ಗಡಿಯಾಚೆಯ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನ 1912ರಲ್ಲಿ ತೆರೆದಂದಿನಿಂದ ಗಡಿಯ ಎರಡೂ ಬದಿಯ ಮಲ್ಲರಿಗೆ ದೊಡ್ಡ ಕಣವಾಗಿದೆ. ಕುತ್ತಿಗೆಯನ್ನು ಬೇಕೆಂದೇ ಬೆಳೆಸಿದವರು ನಮ್ಮ ನಾಡಿನಲ್ಲಿ ಯಾರಾದರೂ ಇದ್ದರೆ ಅವರು ಗರಡಿಯವರೇ. ಎದುರಾಳಿ ಕುತ್ತಿಗೆಗೆ ಕೈ ಹಾಕಿ ಬಗ್ಗಿಸಿದಾಗ ಬಗ್ಗಬಾರದು, ಬೆನ್ನು ಮಣ್ಣಿಗೆ ತಾಗುವ ಹೊತ್ತಿನಲ್ಲಿ ತಲೆಯೂರಿ ಕಮಾನಾಗಿ ನಿಲ್ಲಬೇಕು. ಅದಕ್ಕಾಗಿ ಜೊತೆಗಾರನಿಂದ ತಲೆ ಒತ್ತಿಸಿಕೊಂಡು ಎದುರು ಒತ್ತುವ ಸಾಧನೆ ಉಂಟು. ಉತ್ತರ ಹಿಂದುಸ್ತಾನದ ಅಖಾಡಗಳಲ್ಲಿ ಗರ್‌ನಾಳ್ ಎಂದು ಕರೆಯುವ ಕಲ್ಲಿನ ದಪ್ಪ ಬಳೆಯನ್ನು ಕೊರಳಿಗೆ ಹಾಕಿಕೊಂಡು ಬಸ್ಕಿ ಹೊಡೆಯುವುದೂ ಉಂಟು.

ಹಾಗೆಂದು ನಮ್ಮ ಸದಸ್ಯ ಬಾಂಧವರು ನಾಳೆಯೇ ಬೀಸುಕಲ್ಲನ್ನು ಕೊರಳಿಗೆ ಹಾಕಿಕೊಳ್ಳುವುದು ಬೇಡ! ಅದು ಹದಿನೈದರ ಹರೆಯದಿಂದ, ಉಸ್ತಾದನ ಕಣ್ಣೆದುರು, ಹಾಲು ಬಾದಾಮಿಗಳ ಜೊತೆಗೆ ಬೆಳೆಸಿದ ಮೈಗೆ ಸರಿ. ನಲವತ್ತು ದಾಟಿದವರ ಕತ್ತಿನ ಮೂಳೆಗಳ ನಡುವಿನ ಮೆತ್ತೆ ಸವೆದಿರುತ್ತದೆ. ತಲೆಯೂರಿ ಕಮಾನು ಹಾಕಿದರೆ ಬಲ ಬರುವ ಬದಲು ನರ ಸಿಕ್ಕಿಕೊಂಡೀತು. ಗರಡಿಯಿಂದ ನಾವು ಕಲಿಯಬೇಕಾದ್ದು ಕಲ್ಲನ್ನಲ್ಲ, ಕ್ರಮವನ್ನು: ಸ್ವಲ್ಪ ಭಾರ, ದಿನವೂ ಅಷ್ಟಷ್ಟೇ, ತಿಂಗಳುಗಟ್ಟಲೆ.

ನೋವು ಹಣೆಗೆ ಬರುವ ಬಗೆ

ದೊಡ್ಡವರ ತಲೆಯ ತೂಕ ಸುಮಾರು 4.5ರಿಂದ 5 ಕಿಲೋ. ನೆಟ್ಟಗೆ ನಿಂತಾಗ ಈ ಭಾರ ಏಳು ಮೂಳೆಗಳ ಕಂಬದ ಮೇಲೆ ಸಮವಾಗಿ ಕುಳಿತಿರುತ್ತದೆ. ತಲೆ ಮುಂದಕ್ಕೆ ಬಾಗಿದಷ್ಟೂ ಹಿಂಬದಿಯ ಸ್ನಾಯುಗಳು ಹಗ್ಗದಂತೆ ಜಗ್ಗಿ ಹಿಡಿಯಬೇಕಾಗುತ್ತದೆ. 2014ರಲ್ಲಿ ಅಮೆರಿಕದ ಶಸ್ತ್ರವೈದ್ಯರೊಬ್ಬರು ಲೆಕ್ಕ ಹಾಕಿ, 60 ಡಿಗ್ರಿ ಬಾಗಿದಾಗ ಕತ್ತಿನ ಮೇಲೆ ಬೀಳುವ ಹೊರೆ 27 ಕಿಲೋದಷ್ಟಾಗುತ್ತದೆ ಎಂದು ಹೇಳಿದರು. ಅದು ಮಾದರಿಯೊಂದರ ಮೇಲೆ ಮಾಡಿದ ಗಣಿತ, ಜೀವಂತ ಮನುಷ್ಯನ ಮೇಲೆ ಅಳೆದದ್ದಲ್ಲ. ಆದರೂ ಕಾಫಿ ಕಣದಲ್ಲಿ ಬಗ್ಗಿ ಹಣ್ಣು ಆರಿಸುವವರಿಗೂ, ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸರಿಗೂ, ಮೊಬೈಲಿನಲ್ಲಿ ಧಾರಣೆ ನೋಡುವ ನಮಗೂ ಅದರ ಅರ್ಥ ಬೇಗ ತಿಳಿಯುತ್ತದೆ.

ತಲೆ ಹಿಂದಕ್ಕೆ ಚಾಚಿದಾಗ ಇನ್ನೊಂದು ಬಗೆಯ ತೊಂದರೆ. ತಲೆಬುರುಡೆಯ ಬುಡದಲ್ಲಿರುವ ಸಣ್ಣ ಸ್ನಾಯುಗಳು ಮುದುಡಿ ಗಂಟಾಗುತ್ತವೆ. ಗಂಟಲಿನ ಹಿಂದೆ, ಮೂಳೆಗೆ ಒತ್ತಿಕೊಂಡಿರುವ ಆಳದ ಸ್ನಾಯುಗಳು ಕೆಲಸ ಬಿಟ್ಟು ಸಡಿಲವಾಗುತ್ತವೆ. ಕತ್ತಿನ ಮೇಲ್ಭಾಗದ ಮೂರು ನರಗಳೂ ಮುಖ ಮತ್ತು ಹಣೆಯಿಂದ ಬರುವ ನರವೂ ಮಿದುಳಿನ ಬುಡದಲ್ಲಿ ಒಂದೇ ಕಡೆ ಸೇರುತ್ತವೆ. ಆದ್ದರಿಂದ ಕತ್ತಿನಲ್ಲಿ ಹುಟ್ಟಿದ ನೋವನ್ನು ಮಿದುಳು ಹಣೆಯದೆಂದೇ ತಿಳಿಯುತ್ತದೆ. ಒಂದೇ ಟಪಾಲು ಚೀಲಕ್ಕೆ ಎರಡು ಊರಿನ ಕಾಗದ ಬಿದ್ದಂತೆ. ಇಂಥ ತಲೆನೋವು ಸಾಮಾನ್ಯವಾಗಿ ಒಂದೇ ಪಕ್ಕಕ್ಕೆ ಇರುತ್ತದೆ, ಕತ್ತು ತಿರುಗಿಸಿದರೆ ಹೆಚ್ಚುತ್ತದೆ, ಹಿಂದಲೆ ಅದುಮಿದರೆ ಕೆರಳುತ್ತದೆ.

ಸಾಧನಗಳ ಸಂತೆ

ಕತ್ತು ನೋವಿಗೆಂದು ಮಾರುವ ಸಾಮಾನು ಈಗ ಬಗೆಬಗೆಯದು. ಮೊದಲನೆಯದು ಕುತ್ತಿಗೆಗೆ ಸುತ್ತುವ ಪಟ್ಟಿ. ಇದು ಬಲ ಕೊಡುವ ಸಾಧನವೇ ಅಲ್ಲ. ಪೆಟ್ಟು ಬಿದ್ದಾಗ, ನರ ಸಿಕ್ಕಿದಾಗ ವೈದ್ಯರು ಹೇಳಿದಷ್ಟು ದಿನ ಕಟ್ಟಬೇಕಾದದ್ದು. ತಿಂಗಳುಗಟ್ಟಲೆ ಕಟ್ಟಿಕೊಂಡರೆ ಊರುಗೋಲಿಗೆ ಒರಗಿದ ಬಳ್ಳಿಯಂತೆ ಸ್ನಾಯು ಇನ್ನಷ್ಟು ಸೊರಗುತ್ತದೆ. ಬೆನ್ನಿಗೆ ಬಿಗಿದು ಭುಜವನ್ನು ಹಿಂದಕ್ಕೆ ಎಳೆಯುವ ಪಟ್ಟಿಗೂ ಇದೇ ಮಾತು. ಕಟ್ಟಿದಾಗ ನೆಟ್ಟಗೆ, ಬಿಚ್ಚಿದಾಗ ಮೊದಲಿನಂತೆ.

ತಲೆಗೆ ಚರ್ಮದ ಪಟ್ಟಿ ಹಾಕಿ, ಸರಪಳಿಯಲ್ಲಿ ಕಬ್ಬಿಣದ ತೂಕ ತೂಗುಬಿಟ್ಟು ಎತ್ತುವ ಸಾಧನ ಎರಡನೆಯದು. ಇದು ಗರಡಿಯ ಕಲ್ಲಿನ ತಮ್ಮ. ಕುಸ್ತಿಪಟುಗಳಿಗೆ ಸರಿ, ನಮ್ಮಂಥವರಿಗೆ ಅಗತ್ಯವಿಲ್ಲ. ಗಲ್ಲದ ಕೆಳಗಿಟ್ಟು ಒತ್ತುವ ಸ್ಪ್ರಿಂಗಿನ ಸಾಮಾನು ಇನ್ನೊಂದು. ಅದು ಮಾಡುವ ಕೆಲಸವನ್ನು ನಮ್ಮ ಅಂಗೈಯೇ ಮಾಡುತ್ತದೆ, ಬಿಲ್ಲು ಕೊಡಬೇಕಾಗಿಲ್ಲ.

ನಿಜವಾಗಿ ಜಾಣತನದ ಸಾಧನವೆಂದರೆ ಒಂದು ಗಾಳಿಯ ಚೀಲ. ಆಸ್ಟ್ರೇಲಿಯದ ಗ್ವೆಂಡೊಲೆನ್ ಜುಲ್ ಎಂಬ ಭೌತಚಿಕಿತ್ಸಾ ತಜ್ಞೆ ಮತ್ತು ಸಂಗಡಿಗರು ಇದನ್ನು ಕತ್ತಿನ ಚಿಕಿತ್ಸೆಗೆ ಬಳಸಿದರು. ರಕ್ತದೊತ್ತಡ ನೋಡುವ ಪಟ್ಟಿಯಂಥದೇ ಇದು. ಅಂಗಾತ ಮಲಗಿದವರ ಕತ್ತಿನ ಕೆಳಗಿಟ್ಟು ಮುಳ್ಳು 20ಕ್ಕೆ ಬರುವಷ್ಟು ಗಾಳಿ ತುಂಬುತ್ತಾರೆ. ತಲೆಯನ್ನು ಎತ್ತದೆ, 'ಹೌದು' ಎಂದು ತಲೆದೂಗುವಂತೆ ಗಲ್ಲವನ್ನು ಮೆಲ್ಲನೆ ಒಳಗೆಳೆದರೆ ಮುಳ್ಳು 22ಕ್ಕೆ ಏರುತ್ತದೆ. ಅಲ್ಲೇ ಹತ್ತು ಸೆಕೆಂಡು ಹಿಡಿಯಬೇಕು. ಹಾಗೆಯೇ 24, 26 ಎನ್ನುತ್ತ ವಾರಗಳು ಕಳೆದಂತೆ 30ರವರೆಗೆ. ಭಾರವೇ ಇಲ್ಲ, ಆದರೂ ಆಳದ ಸ್ನಾಯು ಎಚ್ಚರಗೊಳ್ಳುತ್ತದೆ. ಕತ್ತಿನಿಂದ ಬರುವ ತಲೆನೋವಿನ 200 ಮಂದಿಯ ಮೇಲೆ ಅವರು ನಡೆಸಿದ ಪರೀಕ್ಷೆ 2002ರಲ್ಲಿ ಪ್ರಕಟವಾಯಿತು. ಆರು ವಾರಗಳ ಈ ವ್ಯಾಯಾಮದಿಂದ ತಲೆನೋವು ಬರುವುದು ಕಡಿಮೆಯಾಯಿತು, ವರ್ಷದ ನಂತರ ನೋಡಿದಾಗಲೂ ಆ ಗುಣ ಉಳಿದಿತ್ತು. ಮನೆಯಲ್ಲಿ ಗಾಳಿಯ ಚೀಲವಿಲ್ಲದವರು ಮಡಿಸಿದ ಟವೆಲನ್ನು ಕತ್ತಿನ ಕೆಳಗಿಟ್ಟು ಅದನ್ನು ಮೆಲ್ಲನೆ ಅದುಮಿದರೂ ಕೆಲಸ ನಡೆಯುತ್ತದೆ. ಮುಳ್ಳು ನೋಡುವ ಸಂತೋಷ ಮಾತ್ರ ಇರುವುದಿಲ್ಲ.

ಫಿನ್‌ಲೆಂಡಿನವರದು ರಬ್ಬರ್ ಪಟ್ಟಿಯ ದಾರಿ. ಬಹುಕಾಲದಿಂದ ಕತ್ತು ನೋಯುತ್ತಿದ್ದ, ಕಚೇರಿ ಕೆಲಸದ 180 ಹೆಂಗಸರನ್ನು ಅಲ್ಲಿನ ವೈದ್ಯರು ಮೂರು ಗುಂಪು ಮಾಡಿ ಒಂದು ವರ್ಷ ನೋಡಿದರು. ಒಂದು ಗುಂಪು ತಲೆಗೆ ರಬ್ಬರ್ ಪಟ್ಟಿ ಹಾಕಿ ಅದರ ಎಳೆತಕ್ಕೆ ಎದುರಾಗಿ ಕುತ್ತಿಗೆಯನ್ನು ದುಡಿಸಿತು. ಎರಡನೆಯದು ಮಲಗಿ ತಲೆಯೆತ್ತುವ ಹಗುರ ವ್ಯಾಯಾಮ ಮಾಡಿತು. ಮೂರನೆಯದು ಬರಿಯ ಮೈ ಸಡಿಲಿಸುವ ವ್ಯಾಯಾಮ. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೋವು ಬಹಳಷ್ಟು ಅಥವಾ ಪೂರ್ತಿ ಹೋಯಿತು ಎಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 73, ಎರಡನೆಯದರಲ್ಲಿ 59, ಮೂರನೆಯದರಲ್ಲಿ 21. ಅದೇ ಹೆಂಗಸರ ತಲೆನೋವಿನ ಲೆಕ್ಕ 2010ರಲ್ಲಿ ಹೊರಬಂತು. ತಲೆನೋವು ಇಳಿದದ್ದು ಕ್ರಮವಾಗಿ ನೂರಕ್ಕೆ 69, 58 ಮತ್ತು 37. ಬರಿಯ ಎಳೆದು ಸಡಿಲಿಸುವುದಕ್ಕಿಂತ ಬಲ ಬೆಳೆಸುವುದು ಮೇಲು ಎಂಬುದು ಇಲ್ಲಿ ಸ್ಪಷ್ಟ.

ಬಿಡುವಿಲ್ಲ ಎನ್ನುವವರಿಗೆ ಡೆನ್ಮಾರ್ಕಿನ ಸುದ್ದಿ ಹಿತವಾದೀತು. ಅಲ್ಲಿ 198 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರಬ್ಬರ್ ಪಟ್ಟಿಯನ್ನು ಕಾಲಿನಡಿ ಇಟ್ಟು ಎರಡು ಕೈಗಳನ್ನೂ ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತುವ ಒಂದೇ ವ್ಯಾಯಾಮವನ್ನು ಹತ್ತು ವಾರ ಮಾಡಿಸಿದರು. ವಾರದಲ್ಲಿ ಐದು ದಿನ, ದಿನಕ್ಕೆ ಎರಡೇ ನಿಮಿಷ ಮಾಡಿದವರಿಗೂ ಹನ್ನೆರಡು ನಿಮಿಷ ಮಾಡಿದವರಿಗೂ ಹೆಚ್ಚುಕಡಿಮೆ ಒಂದೇ ಗುಣ ಕಂಡಿತು. ರಬ್ಬರ್ ಪಟ್ಟಿಗೆ ಪೇಟೆಗೆ ಓಡಬೇಕಾಗಿಲ್ಲ, ಸೈಕಲ್ಲಿನ ಟ್ಯೂಬನ್ನು ಉದ್ದಕ್ಕೆ ಸೀಳಿದರೆ ಸಾಕು. ಬಿರುಕು ಬಿಟ್ಟ ಹಳೆಯದು ಬೇಡ. ಹರಿದರೆ ನೇರ ಕಣ್ಣಿಗೇ ಹೊಡೆಯುತ್ತದೆ.

ಏನೂ ಇಲ್ಲದವರಿಗೆ ಕೈಯುಂಟು. ನೆಟ್ಟಗೆ ಕುಳಿತು ಅಂಗೈಯನ್ನು ಹಣೆಗೆ ಕೊಟ್ಟು, ತಲೆ ಅಲುಗದಂತೆ ಹಣೆಯಿಂದ ಕೈಯನ್ನೂ ಕೈಯಿಂದ ಹಣೆಯನ್ನೂ ಒತ್ತಬೇಕು. ಐದಾರು ಸೆಕೆಂಡು ಹಿಡಿದು ಬಿಡುವುದು, ಐದು ಸಲ. ಬಳಿಕ ಹಿಂದಲೆಗೆ, ಎಡಕ್ಕೆ, ಬಲಕ್ಕೆ. ಮೊದಲ ವಾರ ನಮ್ಮ ಬಲದ ಕಾಲುಭಾಗಕ್ಕಿಂತ ಹೆಚ್ಚು ಹಾಕಬಾರದು. ಉಸಿರು ಕಟ್ಟಬಾರದು, ರಕ್ತದೊತ್ತಡವಿದ್ದವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಮಾಡುವಾಗ ಸ್ನಾಯು ದಣಿದರೆ ಚಿಂತೆಯಿಲ್ಲ. ಕೈಗೆ ನೋವು ಹರಿದರೆ ಅಲ್ಲಿಗೇ ನಿಲ್ಲಿಸಬೇಕು. ಗುಣ ಕಾಣಲು ಆರರಿಂದ ಹತ್ತು ವಾರ ಬೇಕು. ಅಡಿಕೆ ಗಿಡ ನೆಟ್ಟು ಐದಾರು ವರ್ಷ ಫಸಲಿಗೆ ಕಾಯುವ ನಮಗೆ ಇದು ದೊಡ್ಡದೇನಲ್ಲ.

ಒಂದು ಕಟ್ಟುನಿಟ್ಟಿನ ಮಾತು. ಕ್ಷೌರದಂಗಡಿಯಲ್ಲಿ ಕುತ್ತಿಗೆ ಹಿಡಿದು 'ಲಟಕ್' ಎನಿಸಿಕೊಳ್ಳುವ ಚಟ ನಮ್ಮಲ್ಲಿ ಅನೇಕರಿಗಿದೆ. ಆ ತಿರುವಿಗೆ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಸೀಳಬಹುದು. ಹಾಗೆ ತಿರುಗಿಸಿಕೊಂಡ ತರುಣನೊಬ್ಬನಿಗೆ ಪಾರ್ಶ್ವವಾಯು ತಗಲಿದ ಸುದ್ದಿ 2024ರಲ್ಲಿ ಬೆಂಗಳೂರಿನಿಂದ ಪತ್ರಿಕೆಗಳಲ್ಲಿ ಬಂದಿತ್ತು. ಕ್ಷೌರ ಮಾಡಿಸಿಕೊಂಡು ಎದ್ದು ಬನ್ನಿ, ಅಷ್ಟೇ ಸಾಕು.

ಕತ್ತಿನದಲ್ಲದ ತಲೆನೋವು

ಎಲ್ಲ ತಲೆನೋವಿಗೂ ಕತ್ತೇ ಕಾರಣವಲ್ಲ. ಅರೆತಲೆಶೂಲೆ, ಕನ್ನಡಕ ಬೇಕಾದ ಕಣ್ಣು, ರಕ್ತದೊತ್ತಡದ ವಿಪರೀತ ಏರಿಕೆ, ಇವೂ ಇವೆ. ತಿಂಗಳಿಗೆ ಹತ್ತು ಹದಿನೈದು ದಿನ ನೋವಿನ ಮಾತ್ರೆ ನುಂಗುವವರಿಗೆ ಆ ಮಾತ್ರೆಯಿಂದಲೇ ತಲೆನೋವು ಹತ್ತುವುದುಂಟು. ಮಲೆನಾಡಿನ ಸದಸ್ಯರು ಇನ್ನೊಂದನ್ನು ಮರೆಯಬಾರದು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಶುರುವಾಗುವುದೇ ಹಠಾತ್ ಜ್ವರ ಮತ್ತು ತೀವ್ರ ತಲೆನೋವಿನಿಂದ. ಡಿಸೆಂಬರಿನಿಂದ ಮುಂಗಾರಿನವರೆಗೆ ಕಾಡಿನಂಚಿನ ತೋಟದಲ್ಲಿ ದುಡಿದವರಿಗೆ ಜ್ವರದೊಡನೆ ತಲೆ ಸಿಡಿದರೆ ವ್ಯಾಯಾಮದ ಮಾತು ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮರದಿಂದ ಬಿದ್ದ ಮೇಲಿನ ಕತ್ತು ನೋವು, ಕೈ ಜೋಮು ಹಿಡಿದು ಕತ್ತಿಯೇ ಜಾರುವುದು, ನಡಿಗೆ ತೊಡರುವುದು, ಸಿಡಿಲಿನಂತೆ ಒಮ್ಮೆಲೇ ಬಂದ ತಲೆನೋವು, ಇವಕ್ಕೂ ವೈದ್ಯರೇ ಗತಿ.

ಇನ್ನು ಕೆಲಸದ ಏರ್ಪಾಡು. ದೋಟಿ ತಂಡದಲ್ಲಿ ಒಬ್ಬನನ್ನೇ ದಿನವಿಡೀ ಕೊನೆ ಕೊಯ್ಯಲು ನಿಲ್ಲಿಸದೆ, ಅರ್ಧ ಗಂಟೆಗೊಮ್ಮೆ ಕೊಯ್ಯುವವನೂ ನೆಲದ ಮೇಲಿನ ಕೆಲಸದವನೂ ಬದಲಾಯಿಸಿಕೊಳ್ಳಲಿ. ಮರದ ಬುಡಕ್ಕೆ ತೀರ ಅಂಟಿ ನಿಂತಷ್ಟೂ ಕತ್ತು ಹೆಚ್ಚು ಹಿಂದಕ್ಕೆ ವಾಲುತ್ತದೆ, ದೋಟಿಯ ಉದ್ದ ಬಿಟ್ಟುಕೊಟ್ಟಷ್ಟು ಹಿಂದೆ ಸರಿದು ನಿಲ್ಲುವುದು ಲೇಸು. ದೋಟಿಗೆ ಸಾವಿರಗಟ್ಟಲೆ ಹಣ ಹಾಕುವ ಯಜಮಾನರು ಅದನ್ನು ಹಿಡಿಯುವವನಿಗೆ ಗಂಟೆಗೆ ಐದು ನಿಮಿಷ ಕತ್ತು ಇಳಿಸಿ ಕೂರಲು ಬಿಡುವು ಕೊಟ್ಟರೆ ಕೊಯ್ಲು ನಿಲ್ಲುವುದಿಲ್ಲ.